ಶೇಂಗಾ ಹಿಂಡಿಗೆ ‘ಪೀನಟ್ ಕ್ರಂಬಲ್’ ಅಂದವರಿಗೂ, ಅದನ್ನ ‘ಸೂಪರ್’ ಅಂತ ತಿಂದು ಬಂದ ನಮಗೂ

ಗೆಳೆಯರೇ, ಈ ಸಲ ಶಾಲೆ ವಿಷಯ ಅಲ್ಲ, ಬೋರ್ಡ್ ವಿಷಯ ಅಲ್ಲ, ಊಟದ ವಿಷಯ. ಓದಿ ಮುಗಿಸಿದ ಮೇಲೆ ಅದೂ ಇದೂ ಬೇರೆ ಬೇರೆ ಅಂತ ಅನ್ನಿಸಿದರೆ ಹೇಳಿ.

ಹೋದ ತಿಂಗಳು ನಾವು ನಾಲ್ಕು ಜನ ಬೆಂಗಳೂರಿನ ಇಂದಿರಾನಗರದಲ್ಲಿ ಒಂದು ರೆಸ್ಟೋರೆಂಟಿಗೆ ಹೋಗಿದ್ವಿ. ಒಬ್ಬ ಅಕ್ಕಲಕೋಟೆಯವನು, ಒಬ್ಬಳು ಕುಂಬಳೆಯವಳು, ಒಬ್ಬ ಹೊಸೂರಿನವನು, ಇನ್ನೊಬ್ಬ ಆದವಾನಿಯವನು. ಹೋಟೆಲಿನ ಹೆಸರು ಹೇಳಲ್ಲ, ಅಂಥವು ಈಗ ಬೀದಿಗೊಂದಿವೆ. ತಟ್ಟೆ ತುಂಬಾ ಊಟ ಅಲ್ಲಿ ಸಿಗಲ್ಲ. ಅಂಗೈಯಗಲದ ತಟ್ಟೆ, ಅದರ ನಡುವೆ ಎರಡು ತುತ್ತು, ಪಕ್ಕದಲ್ಲಿ ಯಾವುದೋ ಹೂವಿನ ಎಸಳು. ಇದಕ್ಕೆ ‘ಸ್ಮಾಲ್ ಪ್ಲೇಟ್ಸ್’ ಅಂತಾರೆ. ಐದಾರು ತರಿಸಿ ಎಲ್ಲರೂ ಹಂಚಿಕೊಂಡು ತಿನ್ನಬೇಕು. ಸ್ಪೇನಿನ ತಪಾಸ್ ದಾರಿ ಹಿಡಿದು ಊರೂರು ಸುತ್ತಿ ನಮ್ಮಲ್ಲಿಗೂ ಬಂದ ಪದ್ಧತಿ.

ಮೆನು ಕಾರ್ಡಿನಲ್ಲಿ ಭಾರತದ ನಕ್ಷೆ. ರಾಜ್ಯಕ್ಕೊಂದು ಕಾಲಂ. ನಾವು ಓದಿದ್ದನ್ನ ಹಾಗೇ ಬರೀತೀವಿ.

‘ಮಹಾರಾಷ್ಟ್ರ’ ಕೆಳಗೆ: ಹೆರಿಟೇಜ್ ಸೋರ್ಗಮ್ ಕ್ರಿಸ್ಪ್, ಹ್ಯಾಂಡ್ ಪೌಂಡೆಡ್ ಪೀನಟ್ ಕ್ರಂಬಲ್, ವೈಟ್ ಬಟರ್.
‘ಕೇರಳ’ ಕೆಳಗೆ: ಕೊಲೊಕೇಶಿಯಾ ಲೀಫ್ ಪಿನ್‌ವೀಲ್, ಟ್ಯಾಮರಿಂಡ್ ಗ್ಲೇಜ್.
‘ತಮಿಳುನಾಡು’ ಕೆಳಗೆ: ಫಿಂಗರ್ ಮಿಲೆಟ್ ಡಂಪ್ಲಿಂಗ್ಸ್ ಇನ್ ಗ್ರೀನ್ಸ್ ಬ್ರಾತ್.
‘ಆಂಧ್ರ’ ಕೆಳಗೆ: ಪಫ್ಡ್ ರೈಸ್ ಉಗ್ಗಾನಿ ವಿತ್ ಚಿಲ್ಲಿ ಫ್ರಿಟರ್.

‘ಕರ್ನಾಟಕ’ದ ಕೆಳಗೂ ಏನೇನೋ ಇತ್ತು, ನೀರುದೋಸೆಯ ಟಾಕೋ, ಪಂದಿಕರಿ ಬನ್ನು ಇತ್ಯಾದಿ. ಅದು ಬಿಡಿ. ಮೇಲಿನ ನಾಲ್ಕನ್ನ ಇನ್ನೊಂದು ಸಲ ಓದಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬೆಣ್ಣೆ. ಪತ್ರೊಡೆ. ಮುದ್ದೆ, ಸೊಪ್ಪಿನ ಸಾರು. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ನಮ್ಮ ನಾಲ್ಕೂ ಜನರ ಮನೆ ಆ ಟೇಬಲ್ ಮೇಲಿತ್ತು, ಒಬ್ಬರ ಹೆಸರಲ್ಲೂ ಇರಲಿಲ್ಲ.

ಬಡಿಸಿದ ಹುಡುಗ ಅಸ್ಸಾಮಿನವನು. ಪಾಪ, ಬಾಯಿಪಾಠ ಮಾಡಿಸಿದ್ದನ್ನ ಚೆನ್ನಾಗಿಯೇ ಒಪ್ಪಿಸಿದ. ಅವನೂ ಊರು ಬಿಟ್ಟು ಬಂದವನೇ, ಅವನ ಮೇಲೆ ನಮಗೆ ಸಿಟ್ಟಿಲ್ಲ. ಸಿಟ್ಟು ಬಂದಿದ್ದು ಆಮೇಲೆ, ಅದೂ ನಮ್ಮ ಮೇಲೆ. ಅದಕ್ಕೆ ಬರ್ತೀವಿ.

ಮೊದಲು ರುಚಿ ಹೇಳಿಬಿಡೋಣ. ರೊಟ್ಟಿ ಪರವಾಗಿಲ್ಲ. ಹಿಂಡಿ ಮಾತ್ರ ಮಿಕ್ಸಿಯಲ್ಲಿ ತಿರುವಿದ್ದು, ಒಣ ಪುಡಿ. ಅಕ್ಕಲಕೋಟೆ ಕಡೆ, ಸೊಲ್ಲಾಪುರದ ಕಡೆ ಶೇಂಗಾ ಹುರಿದು, ಸಿಪ್ಪೆ ಉಜ್ಜಿ, ಒಣಖಾರ, ಬಳ್ಳೊಳ್ಳಿ, ಉಪ್ಪು ಹಾಕಿ ಒರಳಿನಲ್ಲಿ ಎಣ್ಣೆ ಬಿಡೋ ತನಕ ಕುಟ್ಟಬೇಕು. ಎಣ್ಣೆ ಬಿಟ್ಟು ಅಂಟಂಟಾಗಿ ಉಂಡೆ ಕಟ್ಟೋ ಹಾಗೆ ಬಂದರೆ ಅದು ಹಿಂಡಿ. ಉದುರಿದರೆ ಅದು ಪುಡಿ. ‘ಕ್ರಂಬಲ್’ ಅಂದರೇ ಉದುರೋದು. ಅಂದರೆ ಕೆಟ್ಟು ಹೋದದ್ದನ್ನೇ ಹೆಸರಾಗಿ ಇಟ್ಟಿದ್ದಾರೆ!

ಪತ್ರೊಡೆಯದು ಇನ್ನೂ ಚಂದದ ಕತೆ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಹರಳುಗಳಿರುತ್ತವೆ, ಕ್ಯಾಲ್ಸಿಯಂ ಆಕ್ಸಲೇಟ್. ಅದಕ್ಕೇ ಗಂಟಲು ತುರಿಸೋದು. ಹಿಟ್ಟಿಗೆ ಹುಣಸೆಹುಳಿ ಸಮಾ ಹಾಕಿ ರುಬ್ಬೋದು ಆ ತುರಿಕೆ ಸಾಯಲಿ ಅಂತ. ಇಲ್ಲಿ ಹುಳಿ ಮೇಲೆ ಹೊಳಪಿಗೆ ಸವರೋ ವಸ್ತು ಆಗಿತ್ತು, ‘ಗ್ಲೇಜ್’. ಎರಡನೇ ತುಂಡಿಗೇ ಕುಂಬಳೆಯವಳು ನೀರು ಕೇಳಿದಳು. “ಎಂತ ಮಾರಾಯ್ರೆ ಇದು, ಹುಳಿ ಹಾಕ್ಲೇ ಇಲ್ಲ, ಗಂಟಲು ತುರಿಸ್ತದೆ!” ಆಟಿ ತಿಂಗಳಲ್ಲಿ ಅವಳ ಮನೆಯಲ್ಲಿ ಆರು ವರ್ಷದ ಮಗುವಿಗೂ ಗೊತ್ತಿರೋ ವಿಷಯ ಇದು. ಹೆಸರು ತಪ್ಪಿದರೆ ಕೆಲಸವೂ ತಪ್ಪುತ್ತೆ. ‘ಹುಳಿ ಹಾಕಿ ರುಬ್ಬಿದ್ದು’ ಅಂತ ಬರೆದಿದ್ದರೆ ಅಡುಗೆಯವನು ಹುಳಿ ಹಾಕಿ ರುಬ್ಬುತ್ತಿದ್ದ.

ಮುದ್ದೆಯನ್ನ ಗೋಲಿಯಷ್ಟು ಮಾಡಿ ನಾಲ್ಕು ಬಿಟ್ಟಿದ್ದರು. ಪಕ್ಕದ ಟೇಬಲಿನವರು ಅದನ್ನ ಫೋರ್ಕಿನಲ್ಲಿ ಚುಚ್ಚಿ, ಅಗಿದು, ಮುಖ ಕಿವುಚಿ ‘ಸ್ಟಿಕಿ, ಬ್ಲ್ಯಾಂಡ್’ ಅಂದರು. ಸರಿಯಾಗೇ ಹೇಳಿದರು, ಅಗಿದರೆ ಹಲ್ಲಿಗೆ ಅಂಟದೆ ಇನ್ನೇನಾಗುತ್ತೆ? ಮುದ್ದೆ ಮುರೀಬೇಕು, ಸಾರಲ್ಲಿ ಹೊರಳಿಸಬೇಕು, ನುಂಗಬೇಕು. ಡಂಪ್ಲಿಂಗ್ ಅಂತ ಹೇಳಿ ಕೊಟ್ಟರೆ ಯಾರಾದರೂ ಅಗಿದೇ ಅಗೀತಾರೆ.

ಈಗ ಹೇಳಿ, ಇದು ಬರೀ ಹೆಸರಿನ ಜಗಳವಾ?

“ರುಚಿ ಇದ್ದರೆ ಸಾಕು, ಹೆಸರು ಯಾವುದಾದರೇನು” ಅನ್ನೋರು ನಮ್ಮಲ್ಲೂ ಬೇಕಾದಷ್ಟು ಜನ ಇದ್ದಾರೆ. ಹೆಸರಿಗೆ ದುಡ್ಡಿದೆ, ಸ್ವಾಮಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ಡ್ಯಾನ್ ಜುರಾಫ್ಸ್ಕಿ ಮತ್ತು ಅವರ ಸಂಗಡಿಗರು ಅಲ್ಲಿನ 6,500 ಮೆನುಗಳನ್ನ ಕಂಪ್ಯೂಟರಿಗೆ ಹಾಕಿ ನೋಡಿದರು. 2014ರಲ್ಲಿ ಬಂದ ಅವರ ಪುಸ್ತಕದಲ್ಲಿ ಇದೆ. ಪದ ಉದ್ದವಾದಷ್ಟೂ ತಿಂಡಿಯ ಬೆಲೆ ಹೆಚ್ಚು. ‘ರುಚಿಕರ’, ‘ತಾಜಾ’ ಅಂತೆಲ್ಲ ಕೂಗೋದು ದುಬಾರಿ ಅಲ್ಲದ ಹೋಟೆಲುಗಳು. ದುಬಾರಿ ಹೋಟೆಲು ಹಾಗೆ ಕೂಗಲ್ಲ, ಅದು ಊರು ಹೇಳುತ್ತೆ. ಪದಾರ್ಥ ಎಲ್ಲಿಂದ ಬಂತು, ಯಾವ ತೋಟದ್ದು ಅಂತ ಅಗ್ಗದ ಹೋಟೆಲುಗಳಿಗಿಂತ 15 ಪಟ್ಟು ಹೆಚ್ಚು ಸಲ ಹೇಳುತ್ತೆ. ಅಂದರೆ ಗಿರಾಕಿ ದುಡ್ಡು ಕೊಡೋದು ಊರಿನ ಹೆಸರಿಗೆ. ನಮ್ಮ ರೊಟ್ಟಿಗೆ ಆ ದಿನ ಕೊಟ್ಟಿದ್ದು 495 ರೂಪಾಯಿ. ಅದರಲ್ಲಿ ಊರಿನ ಹೆಸರಿನ ಪಾಲು ಎಷ್ಟು, ಆ ಪಾಲು ಯಾರ ಖಾತೆಗೆ ಹೋಯ್ತು?

ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. ಭಾಕರಿ ಅನ್ನೋ ಮರಾಠಿ ತಾಯಿಯ ಜೊತೆ ನಮಗೆ ಜಗಳ ಇಲ್ಲ. ಸೊಲ್ಲಾಪುರದ ಓಣಿಯಲ್ಲಿ ಒಂದು ಮನೆಯಲ್ಲಿ ಭಾಕರಿ, ಪಕ್ಕದ ಮನೆಯಲ್ಲಿ ರೊಟ್ಟಿ, ಎರಡೂ ಮನೆಯಲ್ಲಿ ಬಡಿಯೋದು ಒಂದೇ ಮಾಲ್ದಂಡಿ ಜೋಳ. ಪತ್ರೊಡೆ ತುಳುವರದ್ದು, ಕೊಂಕಣಿಗರದ್ದು, ಹವ್ಯಕರದ್ದು, ಕಾಸರಗೋಡಿನಲ್ಲಿ ಅಷ್ಟೂ ಭಾಷೆಯವರದ್ದು. ‘ಪತ್ರೊಡೆ ಕನ್ನಡದ್ದು ಮಾತ್ರ’ ಅಂತ ನಾವು ಬೋರ್ಡ್ ಹಾಕಿದರೆ ನಾವೂ ಆ ಮೆನು ಬರೆದವನ ಸಾಲಿಗೇ ಸೇರ್ತೀವಿ. ನಮ್ಮ ತಕರಾರು ಒಂದೇ: ರಾಜ್ಯದ ಗೆರೆ ಎಳೆದ ದಿನ ಅಡುಗೆಮನೆಯ ತಾಯಿ ಬದಲಾದಳು ಅನ್ನೋ ಹಾಗೆ ಬರೀಬೇಡಿ.

ಗೆರೆ ಎಳೆದದ್ದು ಯಾವಾಗ? ಆದವಾನಿ, ರಾಯದುರ್ಗ ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಹೋದದ್ದು 1953ರ ಅಕ್ಟೋಬರ್ 1ಕ್ಕೆ. ದಕ್ಷಿಣ ಕನ್ನಡ ಬಿಟ್ಟು ಕಾಸರಗೋಡು ಕೇರಳಕ್ಕೆ ಹೋದದ್ದು 1956ರ ನವೆಂಬರ್ 1ಕ್ಕೆ. ಅದೇ ದಿನ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಅಲ್ಲೇ ಉಳೀತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮುಂಬೈ ರಾಜ್ಯದಲ್ಲಿದ್ದು 1960ರ ಮೇ 1ಕ್ಕೆ ಮಹಾರಾಷ್ಟ್ರ ಆದವು. ನಮ್ಮ ಅಜ್ಜಿಯಂದಿರ ಒರಳುಕಲ್ಲಿಗೆ ಇದಕ್ಕಿಂತ ವಯಸ್ಸಾಗಿದೆ.

ಕನ್ನಡದಲ್ಲಿ ಅಡುಗೆ ಬರೆದು ಸಾವಿರ ವರ್ಷ ಆಯ್ತು. ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಎರಡನೇ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆಗೇ ಒಂದು ಅಧ್ಯಾಯ ಇದೆ. ಸೊನ್ನಲಿಗೆ ಅಂದರೆ ಇವತ್ತಿನ ಸೊಲ್ಲಾಪುರ, ಸಿದ್ಧರಾಮ ಕೆರೆ ಕಟ್ಟಿಸಿ ವಚನ ಬರೆದ ಊರು. ಬಸವಣ್ಣ ಕರಣಿಕನಾಗಿದ್ದ ಮಂಗಳವೇಢೆ ಇರೋದು ಇವತ್ತಿನ ಸೊಲ್ಲಾಪುರ ಜಿಲ್ಲೆಯಲ್ಲೇ, ಅಲ್ಲಿನ ಜೋಳಕ್ಕೆ ಈಗ ಜಿಐ ಟ್ಯಾಗ್ ಕೂಡ ಇದೆ. ಹಾಗಂತ ‘ಸಾವಿರ ವರ್ಷದ ಶೇಂಗಾ ಹಿಂಡಿ’ ಅಂತ ನಾವೂ ಬುರುಡೆ ಬಿಡಲ್ಲ. ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು, ಚಾವುಂಡರಾಯ ಎರಡನ್ನೂ ಕಂಡವನಲ್ಲ. ಬಂದದ್ದನ್ನ ಕುಟ್ಟಿ, ಹಿಂಡಿ ಮಾಡಿ, ಹೆಸರಿಟ್ಟು ಮನೆಯವರನ್ನಾಗಿ ಮಾಡಿಕೊಂಡದ್ದು ನಮ್ಮ ಹೆಂಗಸರು. ಹೊರಗಿಂದ ಬಂದದ್ದಕ್ಕೆ ಕನ್ನಡದ ಹೆಸರು ಕೊಡೋ ತಾಕತ್ತಿದ್ದ ಮನೆಯಲ್ಲಿ ಈಗ ಮನೆಯದ್ದಕ್ಕೇ ಹೊರಗಿನ ಹೆಸರು ಹೇಳೋ ಕಾಲ ಬಂದಿದೆ.

ಕರ್ನಾಟಕದವರನ್ನೂ ಬಿಡೋ ಹಾಗಿಲ್ಲ. ನವೆಂಬರ್ ಬಂದರೆ ಬೆಂಗಳೂರಿನ ತುಂಬಾ ‘ಕರ್ನಾಟಕದ ರುಚಿ’ ಮೇಳ. ಮೈಸೂರು, ಮಲೆನಾಡು, ಕೊಡಗು, ಉಡುಪಿ, ಉತ್ತರ ಕರ್ನಾಟಕ, ಐದು ಮಳಿಗೆ ಹಾಕಿ ಕೈ ತೊಳ್ಕೊಂತಾರೆ. ಅವರ ರುಚಿಯ ನಕ್ಷೆ ತಲಪಾಡಿ ಚೆಕ್‌ಪೋಸ್ಟಿಗೆ ನಿಲ್ಲುತ್ತೆ, ಅತ್ತಿಬೆಲೆ ಟೋಲಿಗೆ ನಿಲ್ಲುತ್ತೆ. ಅತ್ತ ಆ ರಾಜ್ಯದ ಮೆನುವಿನಲ್ಲಿ ನಮ್ಮ ಊಟ ಇದೆ, ಹೆಸರಿಲ್ಲ. ಇತ್ತ ಈ ರಾಜ್ಯದ ಮೇಳದಲ್ಲಿ ಊಟವೂ ಇಲ್ಲ.

ಈಗ ನಮ್ಮ ಮೇಲೆ ಬಂದ ಸಿಟ್ಟಿನ ವಿಷಯ.

ತಿಂದಾದ ಮೇಲೆ ಒಬ್ಬರು ಬಂದರು, ಮ್ಯಾನೇಜರ್ ಇರಬೇಕು. “ಹೇಗಿತ್ತು ಸರ್?” ಅಂತ ಕನ್ನಡದಲ್ಲೇ ಕೇಳಿದರು. ಅಷ್ಟೊತ್ತು ಟೇಬಲ್ ಕುಟ್ಟಿ ಮಾತಾಡ್ತಿದ್ದ ನಮ್ಮ ಅಕ್ಕಲಕೋಟೆಯವನು ಏನಂದ ಗೊತ್ತಾ? “ಸೂಪರ್ ಸರ್, ವೆರಿ ಕ್ರಿಸ್ಪಿ.” ಆದವಾನಿಯವನು ಹೆಬ್ಬೆರಳು ಎತ್ತಿ “ಬೆಂಕಿ” ಅಂದ. ನಾವೆಲ್ಲ ನಕ್ಕು, ಬಿಲ್ಲಿನ ಫೋಟೋ ತೆಗೆದು ಹೊರಗೆ ಬಂದ್ವಿ.

ಮೆಟ್ರೋ ಮೆಟ್ಟಿಲ ಮೇಲೆ ಕೂತಾಗ ಹೊಸೂರಿನವನು ಕೇಳಿದ: “ಗುರು, ಆ ಮುದ್ದೆ ಹೇಗಿತ್ತು ಅಂತ ಕನ್ನಡದಲ್ಲಿ ಹೇಳು ನೋಡೋಣ?” ಎಷ್ಟೋ ಹೊತ್ತು ಯಾರ ಬಾಯಲ್ಲೂ ‘ಚೆನ್ನಾಗಿತ್ತು’, ‘ಚೆನ್ನಾಗಿರಲಿಲ್ಲ’ ಬಿಟ್ಟು ಮೂರನೇ ಮಾತು ಹುಟ್ಟಲಿಲ್ಲ. ಅವನ ಅಮ್ಮ ಆಗಿದ್ದರೆ? ಹಿಟ್ಟು ಬೆಂದಿಲ್ಲ, ಹಸಿ ವಾಸನೆ ಬರ್ತಿದೆ, ಗಂಟಾಗಿದೆ, ಕೋಲಾಡಿಸಿದ್ದು ಸಾಲದು, ಎಸರು ಕಮ್ಮಿ ಇಟ್ಟವ್ರೆ, ಬಿರುಸಾಗೋಗಿದೆ. ಒಂದೇ ಉಸಿರಿಗೆ ಆರು ತೀರ್ಪು. ಅವರು ಐದನೇ ಕ್ಲಾಸ್, ಇವನು ಬಿ.ಇ.

ನಮ್ಮ ಹತ್ತಿರ ಪದ ಇಲ್ಲ ಅಂತಲ್ಲ. ಎಷ್ಟಿವೆ ಅಂತ ನೋಡಿ. ಬಾಳೆಕಾಯಿಗೆ, ಮಾವಿನ ಮಿಡಿಗೆ ‘ಒಗರು’ ಅಂತೀವಿ. ಇಂಗ್ಲಿಷಿನಲ್ಲಿ ಇದಕ್ಕೆ ಇರೋ ಪದವನ್ನ ಯಾವ ಮೆನುವಿನಲ್ಲೂ ಹಾಕಲ್ಲ, ಔಷಧಿ ಬಾಟಲಿಯ ಮಾತು ಅದು. ನಮ್ಮಲ್ಲಿ ಮಕ್ಕಳೂ ಆಡೋ ಮಾತು. ಹಳೇ ಎಣ್ಣೆಗೆ ‘ಕಮಟು’, ಹಿಂದಿನ ದಿನದ ಸಾರಿಗೆ ‘ಹಳಸಲು’, ತಳ ಹಿಡಿದದ್ದಕ್ಕೆ ‘ಸೀದದ್ದು’, ಬೂಷ್ಟು ಬಂದದ್ದಕ್ಕೆ ‘ಮುಗ್ಗು’. ಉಪ್ಪಿಲ್ಲದ್ದಕ್ಕೆ ಘಟ್ಟದ ಮೇಲೆ ‘ಸಪ್ಪೆ’, ಘಟ್ಟದ ಕೆಳಗೆ ‘ಚಪ್ಪೆ’. ಗರಿಗರಿ ಬೇರೆ, ಕುರುಕುರು ಬೇರೆ, ಕಟಕಟ ಬೇರೆ: ದೋಸೆ ಗರಿಗರಿ, ಮಂಡಕ್ಕಿ ಕುರುಕುರು, ಖಡಕ್ ರೊಟ್ಟಿ ಕಟಕಟ. ಮೂರಕ್ಕೂ ನಾವು ಹೇಳೋದು ‘ಕ್ರಿಸ್ಪಿ’. ಚಳಿಗಾಲದಲ್ಲಿ ಹೊಸೂರಿನ ಸಂತೆಗೆ ಅವರೆಕಾಯಿ ಬಂದಾಗ ಮೂಸಿ ನೋಡಿ ಕೊಳ್ಳೋದು ಯಾತಕ್ಕೆ? ‘ಸೊಗಡು’ ಇದೆಯಾ ಅಂತ. ಆ ಪದಕ್ಕೆ ಇಂಗ್ಲಿಷ್ ಹುಡುಕಿ ಕೊಡಿ. ಅರೋಮಾ ಅಂದರೆ ಸೊಗಡು ಸತ್ತೇ ಹೋಯ್ತು.

ಕೆಲಸದ ಮಾತುಗಳೂ ಹಾಗೇ. ರೊಟ್ಟಿ ಬಡಿತಾರೆ, ದೋಸೆ ಎರೀತಾರೆ, ಮುದ್ದೆ ತೊಳಸ್ತಾರೆ, ಶೇಂಗಾ ಕುಟ್ಟುತಾರೆ, ಹಲಸಿನ ಸೊಳೆ ಉಪ್ಪಿಗೆ ಹಾಕ್ತಾರೆ, ಮಾಂಬಳ ಬಿಸಿಲಿಗೆ ಎರೆದು ಒಣಗಿಸ್ತಾರೆ. ನಮ್ಮ ಬಾಯಲ್ಲಿ ಎಲ್ಲವೂ ‘ಮಾಡ್ತಾರೆ’. ರೊಟ್ಟಿ ಮಾಡ್ತಾರೆ, ದೋಸೆ ಮಾಡ್ತಾರೆ, ರೀಲ್ಸ್ ಮಾಡ್ತಾರೆ.

ಇನ್ನು ಸ್ಮಾಲ್ ಪ್ಲೇಟ್ ಅನ್ನೋದೇ ಹೊಸದಾ? ವಿಜಯಪುರ, ಕಲಬುರಗಿ, ಸೊಲ್ಲಾಪುರದ ಯಾವ ಖಾನಾವಳಿಗೆ ಬೇಕಾದರೂ ಹೋಗಿ ಕೂತ್ಕೊಳ್ಳಿ. ತಾಟಿನ ಸುತ್ತ ಕಾಳುಪಲ್ಲೆ, ಪುಂಡಿಪಲ್ಲೆ, ಎಣಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯಸೊಪ್ಪು. ಅಷ್ಟೂ ಸಣ್ಣ ಸಣ್ಣದೇ. ಖಾಲಿಯಾದರೆ ಮತ್ತೆ ಹಾಕ್ತಾರೆ, ಅದೇ ರೇಟು. ಕರಾವಳಿಯ ಬಾಳೆಲೆ ತುದಿಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ತಂಬುಳಿಯ ಸಾಲು ಇನ್ನೇನು? ಆದರೆ ನಮ್ಮಲ್ಲಿ ಆ ಸಣ್ಣದ್ದಕ್ಕೆ ಒಂದು ಕೆಲಸ ಇದೆ, ಆ ಕೆಲಸಕ್ಕೆ ಒಂದು ಮಾತಿದೆ: ನಂಜಿಕೊಳ್ಳೋದು. ಉತ್ತರದವರು ‘ಹಚ್ಚಿಕೊಂಡು ತಿನ್ನೋದು’ ಅಂತಾರೆ. ಹಿಂಡಿ ಒಂದು ತಿಂಡಿ ಅಲ್ಲ, ರೊಟ್ಟಿಗೆ ನಂಜಿಕೊಳ್ಳೋದು. ಆ ಮಾತು ಗೊತ್ತಿಲ್ಲದವನು ಹಿಂಡಿಯನ್ನ ಕಪ್ಪಿಗೆ ಹಾಕಿ, ಚಮಚ ಇಟ್ಟು, ಅದನ್ನೇ ಒಂದು ಐಟಂ ಮಾಡಿ ಮಾರ್ತಾನೆ. ನಮ್ಮೆದುರಿಗೇ ಒಬ್ಬರು ಅದನ್ನ ಚಮಚದಲ್ಲಿ ತಿಂದು ಕೆಮ್ಮಿದರು, ನಿಜವಾಗಲೂ.

ನಗು ಬರುತ್ತೆ, ಸರಿ. ಆದರೆ ನಮ್ಮ ಅಕ್ಕಲಕೋಟೆ ಗೆಳೆಯ ಆ ರಾತ್ರಿ ಹೇಳಿದ್ದು ನಗೋ ವಿಷಯ ಅಲ್ಲ. ನಾಲ್ಕನೇ ಕ್ಲಾಸಿನ ತನಕ ಅವನು ಊರಿನ ಕನ್ನಡ ಶಾಲೆ. ಐದಕ್ಕೆ ದೊಡ್ಡ ಊರಿನ ಹಾಸ್ಟೆಲು. ಮೊದಲ ದಿನ ಡಬ್ಬಿ ಬಿಚ್ಚಿ “ರೊಟ್ಟಿ ತಿಂತೀಯೇನು?” ಅಂತ ಪಕ್ಕದವನನ್ನ ಕೇಳಿದ್ದಕ್ಕೆ ಇಡೀ ಸಾಲು ನಕ್ಕಿತಂತೆ. ಮರುದಿನದಿಂದ ಅವನು ಭಾಕರಿ ಅಂದ. ರಜೆಗೆ ಮನೆಗೆ ಬಂದಾಗಲೂ ಅದೇ ಬಾಯಿಗೆ ಬಂತು. ಅವರಜ್ಜಿ ರೊಟ್ಟಿ ಬಡಿಯೋದು ನಿಲ್ಲಿಸಿ ಮುಖ ನೋಡಿದರಂತೆ, ಏನೂ ಅನ್ನಲಿಲ್ಲ. “ಆಕಿ ಬೈದಿದ್ರ ಛಲೋ ಇತ್ತು” ಅಂದ.

ಕುಂಬಳೆಯವಳದೂ ಅಂಥದ್ದೇ, ಹೊಸೂರಿನವನು ಮುದ್ದೆಗೆ ಕಳಿ ಅಂದದ್ದೂ ಅಂಥದ್ದೇ. ನಮ್ಮಲ್ಲಿ ಯಾರ ಮನೆಯಲ್ಲಿ ಇದು ಆಗಿಲ್ಲ? ಕನ್ನಡ ಮೊದಲು ಬಿಡೋದು ಶಾಲೆಯಲ್ಲಿ ಅಂತ ನಾವು ಅರ್ಜಿ ಬರ್ಕೊಂಡು ಓಡಾಡ್ತೀವಿ, ಬರೀಬೇಕು, ಓಡಾಡಬೇಕು. ಶಾಲೆಗೆ ಸಂವಿಧಾನದ 350ಎ ವಿಧಿ ಇದೆ. ಡಬ್ಬಿಗೆ ಯಾವ ವಿಧಿ ಇದೆ? ಡಬ್ಬಿಯಲ್ಲಿರೋದರ ಹೆಸರನ್ನ ಹೇಳೋಕೆ ಅಂಜಿದ ಹುಡುಗ, ಇಪ್ಪತ್ತು ವರ್ಷ ಆದಮೇಲೆ ಜನಗಣತಿಯವರು ಬಂದು ‘ಮಾತೃಭಾಷೆ?’ ಅಂತ ಕೇಳಿದಾಗ ಏನು ಬರೆಸ್ತಾನೆ? ಒಂದು ಊರಿನಲ್ಲಿ ಹತ್ತು ಮನೆ ಹಾಗೆ ಬರೆಸಿದರೆ ಆ ಊರಿನ ಕನ್ನಡ ಶಾಲೆಗೆ ಮುಂದೆ ಯಾವ ಲೆಕ್ಕ ತೋರಿಸ್ತೀರಿ?

ನಮ್ಮ ಪೇಜಿನ ತಪ್ಪನ್ನೂ ಒಪ್ಕೊಂತೀವಿ. ಹಿಂದೆ ನಾವೇ ಮಂಡಕ್ಕಿ ರೀಲ್ ಹಾಕಿದ್ವಿ, ಆದವಾನಿ ಬಸ್‌ಸ್ಟ್ಯಾಂಡಿನದು. ಮೇಲೆ ಬರೆದಿದ್ದು ‘ಉಗ್ಗಾನಿ ಲವರ್ಸ್, ನೆಕ್ಸ್ಟ್ ಲೆವೆಲ್ ಯಮ್ಮಿ’. ಬಳ್ಳಾರಿಯಲ್ಲಿ ಒಗ್ಗರಣೆ, ಹುಬ್ಬಳ್ಳಿ ಕಡೆ ಸುಸಲಾ, ಗಡಿ ದಾಟಿದರೆ ಉಗ್ಗಾನಿ, ಮೂರೂ ಚಂದದ ಹೆಸರೇ. ಮೂರನ್ನೂ ಹೇಳಬಹುದಿತ್ತು. ‘ಬೆಳಿಗ್ಗೆ ಏಳಕ್ಕೇ ಮಂಡಕ್ಕಿ ನೆನೆಸಿ ಹಿಂಡಿ, ಹುರಿಗಡಲೆ ಪುಡಿ ಉದುರಿಸಿ, ಬಜ್ಜಿ ನಂಜಿಕೊಂಡು ತಿಂದ್ವಿ’ ಅಂತ ಒಂದು ಸಾಲು ಬರೆದಿದ್ದರೆ ಏನು ಗಂಟು ಹೋಗ್ತಿತ್ತು? ಆ ರೀಲಿಗೆ ಹೊಸ ಸಾಲು ಬರೆದು ನಿನ್ನೆ ಮತ್ತೆ ಹಾಕಿದ್ದೀವಿ.

ಆ ರೆಸ್ಟೋರೆಂಟಿಗೂ ಕನ್ನಡದಲ್ಲಿ ಕಾಗದ ಬರೆದಿದ್ದೀವಿ. ಕೂಗಾಟ ಇಲ್ಲ, ಮಸಿ ಬಳಿಯೋ ಮಾತಿಲ್ಲ. ಹಿಂಡಿ ಎಣ್ಣೆ ಬಿಡೋ ತನಕ ಕುಟ್ಟಿಸಿ. ಪತ್ರೊಡೆಗೆ ಹುಳಿ ಹಿಟ್ಟಿಗೇ ಹಾಕಿ. ಮುದ್ದೆ ನುಂಗೋದು ಅಂತ ಬಡಿಸೋ ಹುಡುಗನಿಗೆ ಹೇಳಿಕೊಡಿ. ನಕ್ಷೆ ತೆಗೆದು ಊರಿನ ಹೆಸರು ಹಾಕಿ: ಅಕ್ಕಲಕೋಟೆ, ಕುಂಬಳೆ, ಹೊಸೂರು, ಆದವಾನಿ. ಉತ್ತರ ಇನ್ನೂ ಬಂದಿಲ್ಲ.

ಅಲ್ಲಿ ತನಕ ನಿಮ್ಮ ಕೆಲಸ ಇದು. ಈ ಭಾನುವಾರ ಮನೆಯಲ್ಲಿ ಅಜ್ಜಿ, ಅಮ್ಮ, ಅತ್ತೆ ಯಾರಿದ್ದರೂ ಒಲೆ ಮುಂದೆ ಕೂತ್ಕೊಳ್ಳಿ. ಅಡುಗೆ ಕೆಟ್ಟಿದ್ದಕ್ಕೆ ಅವರು ಬೈಯೋ ಮಾತುಗಳನ್ನ ಫೋನಿನಲ್ಲಿ ರೆಕಾರ್ಡ್ ಮಾಡಿ. ಹೊಗಳೋ ಮಾತು ಬೇಡ, ಅದರಲ್ಲಿ ಎಲ್ಲರೂ ‘ಚಲೋ ಆಗೇದ’ ಅಂದು ಮುಗಿಸ್ತಾರೆ. ಬೈಗುಳದಲ್ಲೇ ಪದ ಇರೋದು. ತಾಳವಾಡಿ, ಮಡಕಶಿರ, ಜತ್ತ, ವಯನಾಡಿನಿಂದ ನಮಗೆ ಇಲ್ಲಿಯ ತನಕ ಒಂದು ಪದವೂ ಬಂದಿಲ್ಲ. ಕಳಿಸುವಾಗ ತಾಲೂಕು ಮಾತ್ರ ಅಲ್ಲ, ಊರಿನ ಹೆಸರೂ ಬರೀರಿ.